ಗ್ಯಾಸ್ ಸೋರಿದರೆ ಕನ್ನಡದಲ್ಲಿ ಹೇಳುವವರು ಯಾರು?

ವಾಸನೆಗೆ ಭಾಷೆ ಇಲ್ಲ. ಕೊಳೆತ ಎಲೆಕೋಸಿನಂಥ ಆ ದುರ್ನಾತ ಮೂಗಿಗೆ ಬಡಿದರೆ ಅಕ್ಷರ ಬಲ್ಲವನಿಗೂ ಗೊತ್ತಾಗುತ್ತದೆ, ಬಾರದವನಿಗೂ ಗೊತ್ತಾಗುತ್ತದೆ. ಆದರೆ ವಾಸನೆ ಬಂದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಲು ಭಾಷೆ ಬೇಕು. ಕನ್ನಡ ನಾಡಿನಲ್ಲಿ ಅದು ಯಾವ ಭಾಷೆ ಆಗಿರಬೇಕು ಗೆಳೆಯರೆ?

ಹೋದ ಮಳೆಗಾಲದಲ್ಲಿ ಹುಲಿಕೆರೆಯ ನಮ್ಮ ಬೀದಿಯಲ್ಲಿ ಎರಡು ದಿನ ಗ್ಯಾಸ್ ವಾಸನೆ. ಮೊದಲ ಅನುಮಾನ ನನ್ನ ಪ್ರೆಸ್ಸಿನ ಮೇಲೆ. ರೋಲರ್ ತೊಳೆಯುವ ಸೀಮೆಎಣ್ಣೆ ಇರಬೇಕು ಅಂದರು. ಪ್ರೆಸ್ ಬಾಗಿಲು ಹಾಕಿದೆ, ವಾಸನೆ ಹೋಗಲಿಲ್ಲ. ಚರಂಡಿ ಅಂದರು, ಬ್ಲೀಚಿಂಗ್ ಪೌಡರ್ ಸುರಿದದ್ದಾಯಿತು. ಕೊನೆಗೆ ಮನೆಮನೆಯ ಸಿಲಿಂಡರಿಗೂ ಸೋಪಿನ ನೊರೆ ಹಚ್ಚಿ ನೋಡಿದಾಗ, ಒಂದು ಮನೆಯ ರಬ್ಬರ್ ಟ್ಯೂಬಿನ ಬಾಯಲ್ಲಿ ಗುಳ್ಳೆ ಎದ್ದವು. ಟ್ಯೂಬಿನ ಜತೆ ಬಂದ ಎಚ್ಚರಿಕೆ ಚೀಟಿ ಅದೇ ಮನೆಯಲ್ಲಿತ್ತು. ಇಂಗ್ಲಿಷ್ ಮತ್ತು ಹಿಂದಿ, ಎರಡೇ. ಆ ಮನೆಯ ಅಜ್ಜಿ ಅದನ್ನು ಬೇಳೆ ಡಬ್ಬಿಯ ಕೆಳಗೆ ಹಾಸಿದ್ದರು. ತಪ್ಪು ಅಜ್ಜಿಯದೋ, ಚೀಟಿ ಅಚ್ಚು ಹಾಕಿಸಿದವರದೋ?

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂಬುದು ಎಷ್ಟು ಜನರಿಗೆ ಗೊತ್ತು? ಸೋರಿದ್ದು ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾತದ ರಾಸಾಯನಿಕವನ್ನು ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ತುಂಬಿ ಸಿಡಿದು ಸುಮಾರು 300 ಮಂದಿ ಸತ್ತರು. ಹೆಚ್ಚಿನವರು ಮಕ್ಕಳು. ಆಮೇಲೇ ಅಲ್ಲಿ ವಾಸನೆ ಬೆರೆಸುವ ಕಾನೂನು ಬಂತು.

ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ನೆಲಕ್ಕಿಳಿದು ಮೂಲೆಯಲ್ಲಿ, ಚರಂಡಿಯಲ್ಲಿ ಕೂರುತ್ತದೆ. ಈಗ ಬೆಂಗಳೂರಿನ ಮನೆಗಳಿಗೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಎರಡರಲ್ಲಿ ಯಾವುದೇ ಸೋರಿದರೂ ದೀಪದ ಸ್ವಿಚ್ ಮುಟ್ಟಬಾರದು, ಫ್ಯಾನ್ ಹಾಕಲೂಬಾರದು, ಆರಿಸಲೂಬಾರದು. ಕಿಡಿಯೊಂದು ಸಾಕು. ರೆಗ್ಯುಲೇಟರ್ ಅಥವಾ ವಾಲ್ವ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು ಫೋನ್ ಮಾಡಬೇಕು. ಸಿಲಿಂಡರ್ ಗ್ಯಾಸಿಗೆ 1906. ಇಷ್ಟನ್ನು ಕನ್ನಡದಲ್ಲಿ ಹೇಳಲು ಏನು ಕಷ್ಟ?

2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್ ಕಡೆ ಜಲಮಂಡಳಿ ಕೆಲಸಕ್ಕೆ ನೆಲ ಅಗೆಯುವಾಗ ಗ್ಯಾಸ್ ಪೈಪಿಗೆ ಪೆಟ್ಟು ಬಿದ್ದು, ಸೋರಿದ ಅನಿಲ ಮನೆಯೊಳಗೆ ಸೇರಿ ಸಿಡಿಯಿತು, ಜನ ಗಾಯಗೊಂಡರು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದಾಗ ರಸ್ತೆ ಬದಿಯ ಮನೆಯವರೂ ಬಲಿಯಾದರು. ಮಂಗಳೂರಿನಿಂದ ಸೋಲೂರಿಗೆ ಹೋಗುವ ಎಲ್‌ಪಿಜಿ ಕೊಳವೆಯೂ ನಮ್ಮ ಹಾಸನ ಜಿಲ್ಲೆಯ ನೆಲದಡಿಯೇ ಹಾದಿದೆ.

ಇನ್ನೊಂದು ಮಾತು. ನೈಸರ್ಗಿಕ ಅನಿಲಕ್ಕೆ ವಾಸನೆ ಬೆರೆಸುವುದು ಸಾಮಾನ್ಯವಾಗಿ ನಗರದ ಹೊಸ್ತಿಲಲ್ಲಿ. ಊರಿಂದೂರಿಗೆ ಸಾಗುವ ದೊಡ್ಡ ಕೊಳವೆಯ ಅನಿಲಕ್ಕೆ ಆ ನಾತವೂ ಇರುವುದಿಲ್ಲ. 2014ರ ಜೂನ್ 27ರಂದು ಆಂಧ್ರದ ನಗರಂ ಹಳ್ಳಿಯಲ್ಲಿ ಅಂಥದೊಂದು ಕೊಳವೆ ಸಿಡಿದು 20ಕ್ಕೂ ಹೆಚ್ಚು ಜನ ಸತ್ತರು. ಮೂಗು ಎಚ್ಚರಿಸದ ಕಡೆ ಉಳಿಯುವುದು ಹೊಲದಲ್ಲಿ ನೆಟ್ಟ ಫಲಕ ಒಂದೇ. ಅದೂ ರೈತನಿಗೆ ಓದಲು ಬಾರದ ಭಾಷೆಯಲ್ಲಿದ್ದರೆ ನೆಟ್ಟು ಏನು ಫಲ?

ನಾನು ಅಚ್ಚುಕೂಟದವನು, ಲೆಕ್ಕ ಬಲ್ಲೆ. ಒಂದು ಡೆಮಿ ಹಾಳೆಯಲ್ಲಿ ಎಂಟು ಕರಪತ್ರ ಆಗುತ್ತವೆ. ಒಂದೇ ಬಣ್ಣದ ಶಾಯಿ ಸಾಕು. ಕೋಟಿಗಟ್ಟಲೆ ವಹಿವಾಟಿನ ಕಂಪನಿಗಳಿಗೆ ಇದು ಭಾರವೇ? ಸಿಲಿಂಡರ್, ರೆಗ್ಯುಲೇಟರ್, ಟ್ಯೂಬು, ಕೊಳವೆ ಫಲಕ, ಎಲ್ಲದರ ಮೇಲೂ ಕನ್ನಡ ಬರಲಿ. ಸಹಾಯವಾಣಿಯಲ್ಲಿ ಕನ್ನಡದ ದನಿ ಕೇಳಲಿ. ರಸ್ತೆ ಅಗೆಯುವ ಮುನ್ನ ಆ ಬೀದಿಗೆ ಕನ್ನಡದಲ್ಲೇ ತಿಳಿಸಲಿ.

ಬೆಂಗಳೂರಿನ ತರುಣರೇ, ನಿಮ್ಮ ಬಾಡಿಗೆ ಮನೆಯ ಗ್ಯಾಸ್ ಪುಸ್ತಕ ಇವತ್ತೇ ತೆಗೆದು ನೋಡಿ. ಕನ್ನಡ ಇಲ್ಲದಿದ್ದರೆ ಏಜೆನ್ಸಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಪಕ್ಕದ ಮನೆಯ ಹಿರಿಯರಿಗೆ ನೀವೇ ಓದಿ ಹೇಳಿ. ಬೆಂಕಿ ಹತ್ತಿದ ಮೇಲೆ ಭಾಷಾಂತರ ಮಾಡುವುದಕ್ಕೆ ಪುರಸೊತ್ತು ಇರುವುದಿಲ್ಲ!