ಟೈರ್ ಹೇಳೋದನ್ನ ಕೇಳೋರು ಯಾರು?

ಜತ್ತ: ಟೈರ್ ಗೋಟಾ ಆದ್ರೆ ಬದಲಿಸೋದು, ಇಷ್ಟೇ ನಮ್ಮ ಕಡೆಯ ರೂಢಿ. ಯಾಕೆ ಗೋಟಾ ಆಯ್ತು ಅಂತ ಕೇಳುವವರು ಕಡಿಮೆ. ಯಾವುದೇ ವಡಾಪ್ ಜೀಪಿನ ಮುಂದಿನ ಗಾಲಿ ಬಗ್ಗಿ ನೋಡಿರಿ. ನಟ್ಟನಡುವೆ ಸವೆದಿದ್ರೆ ಹವಾ ಹೆಚ್ಚು, ಎರಡೂ ಅಂಚು ಸವೆದಿದ್ರೆ ಹವಾ ಕಡಿಮೆ. ಇದು ಪಂಕ್ಚರ್ ಅಂಗಡಿ ಹುಡುಗನಿಗೂ ಗೊತ್ತು. ಒಂದೇ ಮಗ್ಗುಲು ಸವೆದಿದ್ರೆ ಮಾತ್ರ ಅದು ಹವಾದ ಮಾತಲ್ಲ. ಅಲೈನ್‌ಮೆಂಟ್ ತಪ್ಪಿರಬೇಕು, ಇಲ್ಲವೇ ಬಾಲ್ ಜಾಯಿಂಟ್, ಬೇರಿಂಗ್ ಸಡಿಲಾಗಿರಬೇಕು. ಅಲ್ಲಲ್ಲಿ ತಗ್ಗು ಬಿದ್ದಂಗೆ ಸವೆದಿದ್ರೆ ಮೊದಲು ಶಾಕ್‌ಅಬ್ಸಾರ್ಬರ್ ತೋರಿಸಬೇಕು.

ಇಂಥ ಗಾಡಿಗೆ ಹೊಸ ಟೈರ್ ಹಾಕಿದ್ರೂ ಅದೂ ಹಂಗೇ ಸವೆಯುತ್ತದೆ. ಅಲೈನ್‌ಮೆಂಟಿನ ಕೆಲವು ನೂರು ರೂಪಾಯಿ ಉಳಿಸಲು ಸಾವಿರಾರು ರೂಪಾಯಿಯ ಟೈರ್ ಕಳಕೊಳ್ಳುವ ಈ ಲೆಕ್ಕ ಬಿಕಾಂ ಓದಿದ ನನಗೂ ಬಗೆಹರಿದಿಲ್ಲ.

ಕಾಯ್ದೆ ಪ್ರಕಾರ ಜೀಪು, ಲಾರಿ ಟೈರಿನ ನಕ್ಷಿಯ ಆಳ 1.6 ಮಿ.ಮೀ., ಬೈಕು, ಆಟೋದ್ದು 0.8 ಮಿ.ಮೀ.ಗಿಂತ ಕಡಿಮೆ ಇರಬಾರದು. ಪಾಸಿಂಗ್ ದಿನ ಯಾರದೋ ಒಳ್ಳೆ ಟೈರ್ ಇಸಕೊಂಡು ಹಾಕಿ, ಮರುದಿನ ಹಳೇದೇ ಏರಿಸುವವರಿಗೆ ಇದನ್ನ ಹೇಳಿ ಪ್ರಯೋಜನವಿಲ್ಲ. ಆದ್ರೆ ಅದೇ ಗಾಡಿಯಾಗ ನಮ್ಮ ಮಕ್ಕಳು ದಿನಾ ಸಾಲಿಗೆ ಹೋಗ್ತಾವೆ. ಏಪ್ರಿಲ್ ಬಿಸಿಲಿಗೆ ಕಾದ ಡಾಂಬರು, ಹವಾ ಕಡಿಮೆ, ಮೇಲೆ ಹದಿನೈದು ಮಂದಿ. ಸವೆದ ಟೈರ್ ಒಡೆಯೋದಕ್ಕೆ ಇನ್ನೇನು ಬೇಕು?

ಮಾಲೀಕರು ನೋಡದಿದ್ರೆ ಪಾಲಕರೇ ಮಕ್ಕಳನ್ನ ಹತ್ತಿಸುವ ಮುನ್ನ ಒಮ್ಮೆ ಬಗ್ಗಿ ನೋಡಲಿ. ಡ್ರೈವರ್ ಅಣ್ಣ ಸಿಟ್ಟಾಗ್ತಾನ. ಆಗಲಿ ಬಿಡ್ರಿ.