ಲೈಬ್ರರಿಗೆ ಕ್ಲಾಸ್ ಯಾಕ್ ಬೇಕ್ರಿ?

ದಸರಾಕ್ಕೆ ಊರಿಗೆ ಹೋದಾಗ ಭಾಲ್ಕಿಯ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ಅಂಗಡಿಯ ಅಣ್ಣನ ಹತ್ತಿರ ನುಡಿ ಫಾಂಟಿನಲ್ಲಿ ಟೈಪಿಸಿದ ಹಳೆಯ ಲಗ್ನಪತ್ರಿಕೆಗಳ ರಾಶಿಯೇ ಇದೆ. ಅವನ್ನೆಲ್ಲ ಯುನಿಕೋಡಿಗೆ ತಿರುಗಿಸಲು ನಾನೊಂದು ಲೈಬ್ರರಿ ಬರೆದುಕೊಟ್ಟಿದ್ದೆ. ಮೊದಲ ಪತ್ರಿಕೆಯ ಕೊನೆಯಲ್ಲಿದ್ದ 'ಜಿ. ಬೀದರ' ಹೋಗಿ 'ಜಿ. ಬೀದ' ಆಗಿತ್ತು. ಎರಡನೆಯದು 'ರಶ್ರೀ ವೀರಭದ್ರೇಶ್ವರ ಪ್ರಸನ್ನ' ಅಂತ ಶುರು!

"ತಮ್ಮಾ, ದೇವರ ಹೆಸರಿನ ಮುಂದ ಈ 'ರ' ಎಲ್ಲಿಂದ ಬಂತೋ?"

ತಪ್ಪು ಪೂರ್ತಿ ನನ್ನದೇ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ, ಕೂತಿರುತ್ತದೆ. 'ಕರ್ನಾಟಕ' ಅಂದರೆ ಅಲ್ಲಿ ಕ, ನಾ, ಅರ್ಕಾವತ್ತು, ಟ, ಕ. ಯುನಿಕೋಡಿನಲ್ಲಿ 'ರ್' ಮೊದಲು, 'ನಾ' ಆಮೇಲೆ. ಹಾಗಾಗಿ ಅಕ್ಷರ ಕಂಡ ತಕ್ಷಣ ಹೊರಗೆ ಬಿಡುವಂತಿಲ್ಲ. ಹಿಂದೆಯೇ ಅರ್ಕಾವತ್ತು ಬರುತ್ತಾ ನೋಡುವವರೆಗೆ ಹಿಡಿದಿಟ್ಟುಕೊಳ್ಳಬೇಕು. ನಾನು ಹಿಡಿದಿಟ್ಟಿದ್ದು ಆಬ್ಜೆಕ್ಟಿನ ಹೊಟ್ಟೆಯಲ್ಲಿ. ಫೈಲು ಮುಗಿದರೂ 'ರ' ಒಳಗೇ ಉಳಿಯಿತು, ಮುಂದಿನ ಫೈಲಿನಲ್ಲಿ ಹೊರಬಂತು. (ನನ್ನ ಟೆಸ್ಟ್ ಫೈಲುಗಳೆಲ್ಲ ಖಾಲಿ ಸಾಲಿನಿಂದ ಮುಗಿಯುತ್ತಿದ್ದವು, ಅದಕ್ಕೇ ಸಿಕ್ಕಿಬಿದ್ದಿರಲಿಲ್ಲ.) ಲೋಕಲ್ ವೇರಿಯಬಲ್ಲಿನಲ್ಲಿ ಇಟ್ಟಿದ್ದರೆ, ನಾನು ಮರೆತರೂ ಅದು ಬೇರೆಯವರ ಮದುವೆಗೆ ಹೋಗುತ್ತಿರಲಿಲ್ಲ.

ಯಾಕೆ ಹಾಗೆ ಬರೆದೆ? ಕಾಲೇಜಿನಲ್ಲಿ ಕಲಿಸಿದ್ದೇ ಹಾಗೆ. ಕನ್ವರ್ಟರ್ ಅನ್ನೋ ತಾಯಿ ಕ್ಲಾಸು, ನುಡಿಗೊಂದು ಮಗು, ಶ್ರೀಲಿಪಿಗೊಂದು ಮಗು, ಮೇಲೊಂದು ಫ್ಯಾಕ್ಟರಿ. ಎರಡು ಫಾಂಟುಗಳ ನಡುವಿನ ವ್ಯತ್ಯಾಸದಲ್ಲಿ ಬಹುಪಾಲು ಒಂದು ಪಟ್ಟಿ ಅಷ್ಟೇ: ಈ ಕೋಡಿಗೆ ಈ ಅಕ್ಷರ. ಪಟ್ಟಿಗೆ ವಂಶವೃಕ್ಷ ಯಾಕೆ? ಔರಾದಿನ ಗೆಳೆಯನೊಬ್ಬ ಇದನ್ನೇ ಪಿಎಚ್‌ಪಿಗೆ ತರಲು ಹೋಗಿ, ಮೂರನೇ ಕ್ಲಾಸಿನ ಹೊತ್ತಿಗೆ ಕೈಬಿಟ್ಟ. "ನಿನ್ನ ಮನೆತನದ ಚರಿತ್ರೆ ಓದಲಿಕ್ಕೆ ನನಗ ಟೈಮಿಲ್ಲ" ಅಂದ.

ಬೀದರಿನಲ್ಲಿ ಪಾಠ ಮಾಡುವ ಇನ್ನೊಬ್ಬ ಗೆಳೆಯ ಮಾತ್ರ "ಇಂಜಿನಿಯರಿಂಗ್ ಓದಿ ಬರೀ ಫಂಕ್ಷನ್ ಬರಿತೀ ಏನು?" ಅಂತಾನೆ. ಅವನಿಗೆ ಹಾರ್ಫ್‌ಬಜ್ ತೋರಿಸಿದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಕನ್ನಡದ ಒತ್ತಕ್ಷರ ಜೋಡಿಸುವ ಲೈಬ್ರರಿ ಅದು. ನನ್ನ ಕೆಲಸದ ಉಲ್ಟಾ: ಯುನಿಕೋಡಿನ 'ರ್' ತೆಗೆದು ಅಕ್ಷರದ ಹಿಂದೆ ಕೂರಿಸುತ್ತದೆ. ಒಳಗೆ ಸಿ++, ಆದರೆ ಹೊರಗಿನವರಿಗೆ ಕೊಡುವುದು ಸಾದಾ ಸಿ ಫಂಕ್ಷನ್ನುಗಳನ್ನು. ಸಿ ಫಂಕ್ಷನ್ನನ್ನು ಹೆಚ್ಚುಕಮ್ಮಿ ಎಲ್ಲ ಭಾಷೆಗಳಿಂದಲೂ ಕರೆಯಬಹುದು. ಸಿ++ ಕ್ಲಾಸಿಗೆ ಆ ಭಾಗ್ಯ ಇಲ್ಲ, ಕಂಪೈಲರ್ ಬದಲಾದರೇ ಜಗಳ.

"ಅದರಾಗೂ ಫಾಂಟ್, ಬಫರ್ ಅಂತ ಆಬ್ಜೆಕ್ಟ್ ಅವ ಅಲ್ಲಾ?" ಅಂದ. ಇವೆ, ಒಪ್ಪಿದೆ. ಫಾಂಟ್ ಫೈಲನ್ನು ಪದೇ ಪದೇ ತೆರೆಯೋದು ದುಬಾರಿ, ಹಿಡಿದಿಟ್ಟುಕೊಳ್ಳಲೇಬೇಕು. ಕೀಲಿಮಣೆ ತಂತ್ರಾಂಶದಲ್ಲೂ ಅಷ್ಟೇ: ಒಂದು ಕೀಲಿಗೂ ಇನ್ನೊಂದಕ್ಕೂ ನಡುವೆ ನೆನಪು ಬೇಕು, ಅಲ್ಲಿ ಆಬ್ಜೆಕ್ಟ್ ಇರಲಿ. ಫಂಕ್ಷನ್ ಅಂದ ಮಾತ್ರಕ್ಕೆ ಪವಿತ್ರವೂ ಅಲ್ಲ. ಸಿ ಭಾಷೆಯ ಸ್ಟ್ರ್‌ಟೋಕ್ ಕೂಡ ಹಿಂದಿನ ಕರೆಯ ನೆನಪನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತದೆ, ಅದೂ ನನ್ನ 'ರ'ದ ರೋಗವೇ. ಆದರೆ ಒಂದು ಸಾಲು ತಗೊಂಡು ಇನ್ನೊಂದು ಸಾಲು ಕೊಡುವ ಕೆಲಸಕ್ಕೆ ನೆನಪು ಯಾಕ್ರಿ?

ಈಗ ಲೈಬ್ರರಿಯಲ್ಲಿ ಇರೋದು ಒಂದೇ ಫಂಕ್ಷನ್ನು. ಪಠ್ಯ ಮತ್ತು ಪಟ್ಟಿ ಒಳಗೆ, ಯುನಿಕೋಡ್ ಹೊರಗೆ. ಔರಾದಿನವನು ಒಂದೇ ಸಂಜೆಯಲ್ಲಿ ಪಿಎಚ್‌ಪಿಗೆ ತಂದ. ಬೀದರಿನವನು ಇನ್ನೂ ಒಪ್ಪಿಲ್ಲ. ಅವನ ಕಡೆಯವರು ಯಾರಾದ್ರೂ ಇದ್ದರೆ ಜಗಳಕ್ಕೆ ಬನ್ನಿ :-)