ಆಂಬುಲೆನ್ಸಿನ ಹುಡುಗನಿಗೂ ಒಂದು ಏಣಿ ಬೇಡವೇ?

ಕಾಫಿ ಕೊಯ್ಲು ಮುಗಿದು ಕಾಳುಮೆಣಸಿನ ಕೊಯ್ಲು ಆರಂಭವಾದ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೆಸರು ಬರೆಯಬೇಡಿ ಎಂದು ಅವನೇ ಕೇಳಿಕೊಂಡಿದ್ದಾನೆ. 2004ರ ಎಸ್ಸೆಸ್ಸೆಲ್ಸಿ ತಂಡದವರು ಊಹಿಸಿಕೊಳ್ಳಬಲ್ಲಿರಿ. ತೋಟದ ಲೈನ್ ಮನೆಯಲ್ಲಿ ಬೆಳೆದು, ಬಿ.ಎಸ್ಸಿ. ಮುಗಿಸಿ, 2011ರಲ್ಲಿ 108 ಆಂಬುಲೆನ್ಸಿಗೆ ಇ.ಎಂ.ಟಿ., ಎಂದರೆ ತುರ್ತು ವೈದ್ಯಕೀಯ ತಂತ್ರಜ್ಞನಾಗಿ ಸೇರಿದವನು ಅವನು.

ಕಾಫಿ ಲೋಟ ಕೆಳಗಿಟ್ಟು, "ಸಾರ್, ಕೆಲಸ ಬಿಡೋಣ ಅಂತಿದೀನಿ. ಬೆಂಗಳೂರಲ್ಲಿ ಭಾವ ಒಂದು ಗೋಡೌನ್‌ನಲ್ಲಿ ಕೆಲಸ ನೋಡಿದಾರೆ" ಎಂದ.

"ಯಾಕೋ ಮಾರಾಯ, ಹದಿನಾಲ್ಕು ವರ್ಷ ಆಯ್ತಲ್ಲ?"

"ಅದಕ್ಕೇ ಸಾರ್. ಹದಿನಾಲ್ಕು ವರ್ಷದ ಹಿಂದೆ ಏನಾಗಿ ಸೇರಿದೆನೋ ಇವತ್ತೂ ಅದೇ. ನಿನ್ನೆ ಸೇರಿದ ಹುಡುಗನಿಗೂ ನನಗೂ ಒಂದೇ ಹೆಸರು."

ನನಗೆ ಉತ್ತರ ತೋಚಲಿಲ್ಲ. ಅವನು ಕೆಲಸಕ್ಕೆ ಸೇರಿದಾಗ ಸಿಹಿ ತಂದು ಕಾಲಿಗೆ ನಮಸ್ಕರಿಸಿದ್ದ. ಆಗ ನಾನು, "ಸದ್ಯಕ್ಕೆ ಇರಲಿ ಬಿಡು, ಎಫ್.ಡಿ.ಎ. ಪರೀಕ್ಷೆಗೆ ಓದುವುದನ್ನು ಮಾತ್ರ ಬಿಡಬೇಡ" ಎಂದಿದ್ದೆ. ಗುಮಾಸ್ತೆಯ ಕುರ್ಚಿಗೆ ಕೊಟ್ಟ ಗೌರವವನ್ನು ನಾನು ಆ ಕೆಲಸಕ್ಕೆ ಕೊಡಲಿಲ್ಲ. ಆ ತಪ್ಪಿನ ಪ್ರಾಯಶ್ಚಿತ್ತವೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಆ ಕೆಲಸದ ಬೆಲೆ ಏನೆಂಬುದು ನನಗೆ ತಿಳಿಯದ್ದೇನಲ್ಲ. ಬಂಧುಗಳೆಲ್ಲರೂ ನಮ್ಮ ದೊಡ್ಡಪ್ಪನ ಮಗ ಅಣ್ಣನನ್ನು ಬಲ್ಲಿರಿ. 1987ರ ಫೆಬ್ರವರಿಯಲ್ಲಿ ಮೆಣಸು ಕೊಯ್ಯುತ್ತಿದ್ದಾಗ ಬಿದಿರಿನ ಏಣಿ ಜಾರಿ ಅವನು ಬಿದ್ದ. ನಾನು ಆಗಷ್ಟೇ ಬಿ.ಎಡ್. ಮುಗಿಸಿ ಮೇಷ್ಟರಾಗಿದ್ದೆ. ಮಾನವ ಅಸ್ಥಿಪಂಜರದ ಪಾಠವನ್ನು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಲಿಸುತ್ತಿದ್ದವನು. ಆದರೆ ಅಂದು ನಾನು ಮತ್ತು ಇತರ ನಾಲ್ವರು ಸೇರಿ ಅಣ್ಣನನ್ನು ಕೈಕಾಲು ಹಿಡಿದು ಕಾಫಿ ಮೂಟೆ ಎತ್ತುವಂತೆ ಎತ್ತಿದೆವು. ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ, ತಲೆ ಆಚೀಚೆ ವಾಲದಂತೆ ಭುಜಕ್ಕೆ ಒರಗಿಸಿಕೊಂಡು ಘಟ್ಟ ಇಳಿದೆವು. ಬೆನ್ನುಹುರಿಗೆ ಪೆಟ್ಟಾಗಿತ್ತು. "ಬಿದ್ದಾಗಲೇ ಇಷ್ಟಾಯಿತೋ, ಎತ್ತುವಾಗ ಹೆಚ್ಚಾಯಿತೋ ಹೇಳಲಾಗದು" ಎಂದರು ಮಂಗಳೂರಿನ ವೈದ್ಯರು. ಅಣ್ಣ ಮತ್ತೆ ನಡೆಯಲಿಲ್ಲ. ಹನ್ನೊಂದು ವರ್ಷ ಹಾಸಿಗೆಯಲ್ಲಿದ್ದು 1998ರಲ್ಲಿ ತೀರಿಕೊಂಡ. ಅತ್ತಿಗೆ ಎಂದೂ ನಮ್ಮನ್ನು ಒಂದು ಮಾತು ಅನ್ನಲಿಲ್ಲ. ಆದರೂ ಆ ವೈದ್ಯರ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕುತ್ತಿಗೆ ಅಲುಗದಂತೆ ಹಿಡಿದು, ಹಲಗೆಯ ಮೇಲೆ ಮಲಗಿಸಿ ಕಟ್ಟಿ ಒಯ್ಯಬೇಕೆಂಬ ಮಾತನ್ನು ತಿಳಿದ ಒಬ್ಬನಾದರೂ ಅಂದು ಅಲ್ಲಿರಲಿಲ್ಲ.

ಇಂದು ಅಂಥವರು ಇದ್ದಾರೆ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 108 ಸೇವೆ ಆರಂಭವಾಯಿತು. ವಾಹನದಲ್ಲಿ ಇಬ್ಬರಿರುತ್ತಾರೆ. ಚಾಲಕನನ್ನು ಪೈಲಟ್ ಎನ್ನುತ್ತಾರೆ, ರೋಗಿಯ ಬಳಿ ಇರುವವನು ಇ.ಎಂ.ಟಿ. ನನ್ನ ಶಿಷ್ಯನಿಗೆ ಆರಂಭದಲ್ಲಿ ದೊರೆತದ್ದು ಏಳೆಂಟು ವಾರಗಳ ತರಬೇತಿಯಂತೆ. ಆಮ್ಲಜನಕ ಕೊಡುವುದು, ರಕ್ತ ನಿಲ್ಲಿಸುವುದು, ಮುರಿದ ಮೂಳೆಗೆ ಪಟ್ಟಿ ಕಟ್ಟುವುದು, ಎದೆಯೊತ್ತುವುದು, ಹೆರಿಗೆ ಮಾಡಿಸುವುದು ಇವನ್ನೆಲ್ಲ ಕಲಿತ. ಉಳಿದದ್ದನ್ನು ಕಲಿಸಿದ್ದು ಈ ಹದಿನಾಲ್ಕು ವರ್ಷಗಳ ರಸ್ತೆ. ಚಾರ್ಮಾಡಿಯ ತಿರುವಿನಲ್ಲಿ ವಾಹನ ನಿಲ್ಲಿಸಿ ಹೆರಿಗೆ ಮಾಡಿಸಿದ್ದನ್ನು ಅವನು ಹಾಲು ಕರೆದಷ್ಟು ಸಹಜವಾಗಿ ಹೇಳುತ್ತಾನೆ.

ಹಾಗಾದರೆ ಅವನ ದೂರು ಏನು? ಸಂಬಳದ ಮಾತು ಬಂತು, ಇಲ್ಲವೆನ್ನಲಾರೆ. ಆದರೆ ಮುಖ್ಯವಾದದ್ದು ಬೇರೆ. "ಮುಂದೇನು ಓದಬೇಕು, ಓದಿದರೆ ಏನಾಗ್ತೀನಿ, ಯಾರೂ ಹೇಳೋದಿಲ್ಲ ಸಾರ್" ಎಂದ.

ಅನ್ಯ ದೇಶಗಳಲ್ಲಿ ಈ ವೃತ್ತಿಗೆ ಸ್ಪಷ್ಟವಾದ ಮೆಟ್ಟಿಲುಗಳಿವೆ. ಅಮೆರಿಕದಲ್ಲಿ ನಾಲ್ಕು ಹಂತಗಳು. ಮೊದಲು ಸ್ಥಳಕ್ಕೆ ತಲುಪಿ ಪ್ರಥಮ ನೆರವು ಕೊಡುವವನದು ಕೆಳಗಿನ ಮೆಟ್ಟಿಲು. ಸುಮಾರು 150 ಗಂಟೆಗಳ ಶಿಕ್ಷಣ ಪಡೆದ ಇ.ಎಂ.ಟಿ. ಎರಡನೆಯದು. ರಕ್ತನಾಳಕ್ಕೆ ಸೂಜಿ ಹಾಕಿ ದ್ರವ ಕೊಡಬಲ್ಲ ಉನ್ನತ ಇ.ಎಂ.ಟಿ. ಮೂರನೆಯದು. ಸಾವಿರ ಗಂಟೆಗೂ ಮಿಕ್ಕಿ ಕಲಿತು, ಇ.ಸಿ.ಜಿ. ಓದಿ, ಉಸಿರಾಟದ ನಳಿಕೆ ಇಳಿಸಿ, ಹೃದಯದ ಔಷಧಿಗಳನ್ನು ಕೊಡಬಲ್ಲ ಪ್ಯಾರಾಮೆಡಿಕ್ ಕೊನೆಯದು. ಕೆಳಗಿನ ಮೆಟ್ಟಿಲಿನಲ್ಲಿ ದುಡಿಯುತ್ತಲೇ ಮೇಲಿನ ಮೆಟ್ಟಿಲಿಗೆ ಓದಬಹುದು. ನಮ್ಮಲ್ಲಿ ‘ಪ್ಯಾರಾಮೆಡಿಕಲ್’ ಎಂದೊಡನೆ ಜನರ ಮನಸ್ಸಿಗೆ ಬರುವುದು ಲ್ಯಾಬ್ ಅಥವಾ ಎಕ್ಸ್‌ರೇ ತಂತ್ರಜ್ಞರು, ಆಂಬುಲೆನ್ಸಿನವನಲ್ಲ. ವಿಚಿತ್ರವೆಂದರೆ, ನಮ್ಮ ದೇಶದಲ್ಲಿ ಆಂಬುಲೆನ್ಸ್ ವಾಹನಗಳಿಗೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳ ಮಾನದಂಡವಿದೆ. ಗಾಡಿಗೆ ದರ್ಜೆಗಳಿವೆ, ಅದರೊಳಗೆ ಹದಿನಾಲ್ಕು ವರ್ಷ ದುಡಿದ ಮನುಷ್ಯ ಏರಲು ದರ್ಜೆ ಕಾಣಲಿಲ್ಲ.

"ಹೇಗೂ ಆಸ್ಪತ್ರೆಗೆ ಒಯ್ಯುವುದಷ್ಟೇ ತಾನೆ, ಅದಕ್ಕೇಕೆ ಇಷ್ಟು ಓದು?" ಎಂದು ಕೇಳುವವರಿದ್ದಾರೆ. ಅವರು ಒಮ್ಮೆ ನಮ್ಮ ಸೀಮೆಯ ನಕ್ಷೆಯನ್ನು ನೋಡಬೇಕು. ಅಪಘಾತದ ನಂತರದ ಮೊದಲ ಒಂದು ಗಂಟೆಯನ್ನು ‘ಸುವರ್ಣ ಗಂಟೆ’ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಗುರುತಿಸಿದೆ. ಕಳಸದಿಂದ ಮೂಡಿಗೆರೆಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಚಿಕ್ಕಮಗಳೂರಿಗೆ ಮತ್ತೆ ಸುಮಾರು 30. ಆ ಗಂಟೆ ತಿರುವುಗಳಲ್ಲಿಯೇ ಕಳೆದುಹೋಗುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ದಿನಗಳನ್ನು, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಮುಚ್ಚಿದ್ದನ್ನು ನೀವೇ ಕಂಡಿದ್ದೀರಿ. ನಗರದಲ್ಲಿ ಹತ್ತು ನಿಮಿಷದಲ್ಲಿ ಆಸ್ಪತ್ರೆ ಸಿಗುವಾಗ ಆಂಬುಲೆನ್ಸಿನವನ ಅಲ್ಪ ವಿದ್ಯೆಯೂ ನಡೆದೀತು. ಇಲ್ಲಿ ಎರಡು ಗಂಟೆ ಕಾಲ ರೋಗಿಯ ಪಾಲಿಗೆ ಅವನೇ ವೈದ್ಯ, ಅವನೇ ದಾದಿ. ಸಂಕಟದಲ್ಲಿ 108 ಕೇಂದ್ರದ ವೈದ್ಯರನ್ನು ಫೋನಿನಲ್ಲಿ ಕೇಳುವ ವ್ಯವಸ್ಥೆಯಿದೆ, ಒಳ್ಳೆಯದೇ. ಆದರೆ ಸಂಸೆಯ ಆಚೆಗಿನ ಕಾಡುದಾರಿಯಲ್ಲಿ ಫೋನು ಸತ್ತುಹೋದಾಗ ಯಾರನ್ನು ಕೇಳುವುದು? ಮೇಲಿನ ಮೆಟ್ಟಿಲಿನ ವಿದ್ಯೆ ಬೆಂಗಳೂರಿಗಿಂತ ಕಳಸಕ್ಕೇ ಹೆಚ್ಚು ಬೇಕು ಎಂಬುದು ನನ್ನ ವಾದದ ತಿರುಳು.

ಕಾನೂನು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞ ಹಾಗೂ ಉನ್ನತ ಆರೈಕೆಯ ಪ್ಯಾರಾಮೆಡಿಕ್ ಎಂಬ ಹೆಸರುಗಳಿವೆ. ಇದು ಸಣ್ಣ ಸಂಗತಿಯಲ್ಲ. ಆದರೆ ಅದೇ ಕಾಯ್ದೆ ಸಹಾಯಕ ಆರೋಗ್ಯ ವೃತ್ತಿಗೆ ಕನಿಷ್ಠ 2000 ಗಂಟೆಗಳ ಶಿಕ್ಷಣವನ್ನೂ, ಅದಕ್ಕಿಂತ ಮೇಲಿನ ವರ್ಗಕ್ಕೆ 3600 ಗಂಟೆಗಳ ಪದವಿಯನ್ನೂ ಅಪೇಕ್ಷಿಸುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ತುರ್ತು ಮತ್ತು ಅಪಘಾತ ಚಿಕಿತ್ಸೆಯ ಬಿ.ಎಸ್ಸಿ. ಪದವಿಯೂ ಇದೆ. ಪಿ.ಯು.ಸಿ. ಮುಗಿಸಿದ ಮಕ್ಕಳಿಗೆ ಅದು ಉತ್ತಮ ದಾರಿ. ಮೂವತ್ತೇಳು ವರ್ಷದ, ಹೆಂಡತಿ ಮತ್ತು ಎರಡು ಮಕ್ಕಳಿರುವ ನನ್ನ ಶಿಷ್ಯ ಕೆಲಸ ಬಿಟ್ಟು ಮತ್ತೆ ಮೊದಲ ವರ್ಷದ ಬೆಂಚಿನ ಮೇಲೆ ಕೂರಲು ಸಾಧ್ಯವೇ?

ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ‘ಹಿಲ್’ ಎಂಬ ಬಡ ಬಡಾವಣೆಯಲ್ಲಿ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆ ಆರಂಭವಾಯಿತು. ಕೆಲಸಕ್ಕೆ ಬಾರದವರೆಂದು ಊರು ಕೈಬಿಟ್ಟಿದ್ದ ಕಪ್ಪು ಜನಾಂಗದ ಯುವಕರಿಗೆ ಡಾ. ಪೀಟರ್ ಸೇಫರ್ ಎಂಬ ವೈದ್ಯರು ತರಬೇತಿ ಕೊಟ್ಟರು. ಅಮೆರಿಕದ ಮೊದಲ ಪ್ಯಾರಾಮೆಡಿಕ್‌ಗಳಲ್ಲಿ ಅವರ ಹೆಸರು ಇಂದು ಸೇರಿದೆ. ಆದರೆ 1975ರಲ್ಲಿ ನಗರಾಡಳಿತ ತನ್ನದೇ ಸೇವೆಯನ್ನು ತೆರೆದಾಗ, ಹೊಸ ಪರೀಕ್ಷೆ ಮತ್ತು ನಿಯಮಗಳ ನಡುವೆ ಆ ಅನುಭವಿಗಳಲ್ಲಿ ಬಹಳ ಮಂದಿ ಕೆಲಸ ಕಳೆದುಕೊಂಡರು. ಏಣಿ ಕಟ್ಟಿದವರನ್ನೇ ಕೆಳಗಿಳಿಸಿದಂತಾಯಿತು. ನಮ್ಮ ಹೊಸ ಕಾಯ್ದೆ ಪೂರ್ಣವಾಗಿ ಜಾರಿಗೆ ಬರುವಾಗ ನಮ್ಮ 108ರ ಹುಡುಗರಿಗೂ ಹಾಗಾಗಬಾರದು.

ಆದ್ದರಿಂದ ನನ್ನ ಸೂಚನೆ ಇಷ್ಟು. ದುಡಿಯುತ್ತಿರುವವರಿಗೆ ಸೇತುಬಂಧದ ಶಿಕ್ಷಣ ಬೇಕು. ವರ್ಷಕ್ಕೆ ಕೆಲವು ವಾರ ವೇತನಸಹಿತ ರಜೆ ಕೊಟ್ಟು ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನಂತಹ ಕಡೆ ಕಲಿಸಲಿ. ತುರ್ತು ವಿಭಾಗದಲ್ಲಿ ವೈದ್ಯರ ಪಕ್ಕ ನಿಂತು ಮಾಡಿದ ಕೆಲಸವನ್ನು ಗಂಟೆಗಳ ಲೆಕ್ಕಕ್ಕೆ ಹಿಡಿಯಲಿ. ಪರೀಕ್ಷೆಯನ್ನು ಮಾತ್ರ ಸಡಿಲಗೊಳಿಸಬಾರದು. ಅನುಭವವಿದೆಯೆಂದು ಓದದೆ ಪಾಸು ಮಾಡುವುದನ್ನು ನಾನು ಶಿಕ್ಷಕನಾಗಿ ಒಪ್ಪಲಾರೆ. ತಪ್ಪಾಗಿ ಕಲಿತದ್ದನ್ನು ಹದಿನಾಲ್ಕು ವರ್ಷ ಮಾಡಿದರೂ ಅದು ತಪ್ಪೇ. ಪಾಸಾದವನಿಗೆ ಹೊಸ ಹೆಸರು, ಹೊಸ ಅಧಿಕಾರ, ಅದಕ್ಕೆ ತಕ್ಕ ಸಂಬಳ ಇವು ಮೂರೂ ಒಟ್ಟಿಗೆ ಸಿಗಬೇಕು. ಫೋನು ಸಿಗದ ಕಡೆ ಅವನು ಏನೇನು ಮಾಡಬಹುದು ಎಂಬುದು ಬರಹದಲ್ಲಿರಬೇಕು.

ನನ್ನ ಕಿರಿಯ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಊರೂರಿನ ಬೋರ್ಡು ನೋಡಿ ‘ಪ್ಯಾರಾಮೆಡಿಕಲ್’ ಕೋರ್ಸಿಗೆ ಹಣ ಕಟ್ಟಬೇಡಿ. ಅದಕ್ಕೆ ವಿಶ್ವವಿದ್ಯಾಲಯದ ಅಥವಾ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ.

ಶಿಷ್ಯನಿಗೆ ಅಂದು ನಾನು ಹೇಳಿದ್ದು ಎರಡೇ ಮಾತು. "ನಾನು ಎಫ್.ಡಿ.ಎ. ಅಂದಿದ್ದೆನಲ್ಲ, ಅದನ್ನು ಮರೆತುಬಿಡು. ಯುಗಾದಿವರೆಗೆ ತಡೆದುಕೋ, ಯಾರನ್ನು ಕೇಳಬೇಕೋ ನಾನೂ ಕೇಳ್ತೀನಿ." ಅವನು ತಲೆಯಾಡಿಸಿದ. ಅಷ್ಟರಲ್ಲಿ ಫೋನು ಬಂತು. ಬಾಳೂರಿನ ಕಡೆ ಯಾರೋ ಮೆಣಸಿನ ಏಣಿಯಿಂದ ಬಿದ್ದಿದ್ದರಂತೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು, ಫೋನಿನಲ್ಲಿ, "ಮುಟ್ಟಬೇಡಿ, ಎತ್ತಬೇಡಿ, ನಾವು ಬರೋವರೆಗೆ ತಲೆ ಅಲುಗದ ಹಾಗೆ ನೋಡ್ಕೊಳ್ಳಿ" ಎನ್ನುತ್ತಲೇ ಅಂಗಳ ದಾಟಿದ.

1987ರಲ್ಲಿ ನಮಗೆ ಆ ಮಾತನ್ನು ಹೇಳುವವರಿರಲಿಲ್ಲ. ನಿಮ್ಮಲ್ಲಿ ಕೆಲವರು ಆರೋಗ್ಯ ಇಲಾಖೆಯಲ್ಲಿದ್ದೀರಿ, ಕೆಲವರು ವೈದ್ಯರಾಗಿದ್ದೀರಿ, ಇಬ್ಬರು ಮೂವರು ಪಂಚಾಯಿತಿಯಲ್ಲೂ ಇದ್ದೀರಿ. ಅವನು ಇಲ್ಲಿಯೇ ಉಳಿಯುವಂತೆ ಮಾಡಲು ಏನು ಸಾಧ್ಯವೆಂದು ಯೋಚಿಸಿ, ಯುಗಾದಿಗೆ ಮೊದಲು ನನಗೆ ತಿಳಿಸಿ.